ಕತ್ತಲಲ್ಲಿಟ್ಟ ಕೊಳವೆ

ತೊಗರಿಕಟ್ಟಿಗೆ ಗಟ್ಟಿಯಾಗಿ ನಿಲ್ಲುವುದು ಲಿಗ್ನಿನ್ ಎಂಬ ಅಂಟಿನಿಂದ. ಅದನ್ನು ಬೆಂಕಿಯಿಲ್ಲದೆ, ಬರೀ ಬಿಸಿಲಿನಿಂದ ಒಡೆದರೆ ಬೆಲೆಬಾಳುವ ರಾಸಾಯನಿಕಗಳು ಸಿಗುತ್ತವೆ. ಐಸ್‌ಕ್ರೀಮಿನ ವೆನಿಲ್ಲಾ ಪರಿಮಳವೂ ಅವುಗಳಲ್ಲೊಂದು. ಬೆಳಕು ಬಿದ್ದಾಗ ಈ ಕೆಲಸ ಮಾಡುವ ಹಳದಿ ಪುಡಿಯೊಂದಕ್ಕಾಗಿ ಬಸವಕಲ್ಯಾಣದ ಕಾಲೇಜಿನಲ್ಲಿ ವರ್ಷಗಟ್ಟಲೆ ಹೆಣಗಿದ್ದೇನೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ದಣಿದದ್ದು ನಾನು.

ಕಳೆದ ಬೇಸಿಗೆಯಲ್ಲಿ ಕಾಲೇಜಿನ ಮಾಳಿಗೆಯ ಮೇಲೆ ಎರಡು ಗಾಜಿನ ಕೊಳವೆ ಇಟ್ಟೆ. ಎರಡರಲ್ಲೂ ಅದೇ ಕಟ್ಟಿಗೆಯ ಸಾರ, ಅದೇ ಪುಡಿ. ಒಂದನ್ನು ಬಿಸಿಲಿಗೆ ಒಡ್ಡಿದೆ. ಇನ್ನೊಂದರ ತಳಕ್ಕೆ ಗುರುತಿಗೆ ಉಗುರುಬಣ್ಣದ ಚುಕ್ಕೆ ಇಟ್ಟು, ಮೇಲೆ ರೊಟ್ಟಿ ಸುತ್ತುವ ಬೆಳ್ಳಿಹಾಳೆ ಸುತ್ತಿದೆ. ಬಿಸಿಲಿನದು ಮಾತ್ರ ಘಮಘಮಿಸಿದರೆ ನಾನು ಗೆದ್ದಂತೆ. ಕತ್ತಲಿನದೂ ಅಷ್ಟೇ ಘಮಘಮಿಸಿದರೆ ಅದು ಮಾಳಿಗೆಯ ಕಾವಿನ ಕೆಲಸ, ಬೆಳಕಿನದಲ್ಲ. ಈ ಸಲ ಆಗದಿದ್ದರೆ ಬಿಟ್ಟೇಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು.

ಸಂಜೆ ಮೂಸಿದೆ. ಏನೂ ತಿಳಿಯಲಿಲ್ಲ. ಇಷ್ಟು ಆಸೆ ಇಟ್ಟುಕೊಂಡವಳ ಮೂಗನ್ನು ನಂಬುವುದಾದರೂ ಹೇಗೆ? ಯಂತ್ರದ ಪರೀಕ್ಷೆಗೆ ಪರವೂರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಬೆಳ್ಳಿಹಾಳೆ ಬಿಚ್ಚಿ, ಎರಡನ್ನೂ ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುವ ಹುಮನಾಬಾದಿನ ಬಸ್ಸು ಹತ್ತಿದೆ.

ನನ್ನ ಗಂಡ ಅಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ದಿನವಿಡೀ ಆ ಘಾಟಿನಲ್ಲಿದ್ದರೂ ಮೂಗು ಚುರುಕು. ಹಾಲು ಕೆಡುವ ಮೊದಲೇ ಹೇಳುತ್ತಾರೆ. ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. ಯಾವುದು ಏನೆಂದು ಹೇಳದೆ ಕೊಳವೆಗಳನ್ನು ಮುಂದಿಟ್ಟೆ.

"ಯಾವುದ್ರಾಗ ವಾಸನಿ ಜಾಸ್ತಿ ಅದ ನೋಡ್ರಿ."

ಮೂಸಿದರು. "ಎರಡೂ ಒಂದೇ ಅವ. ಯಾಕ?"

ಹೊಸ್ತಿಲ ಬಳಿ ಗೋಡೆಗೊರಗಿ ಕೂತೆ. ಅಳುವೂ ಬರಲಿಲ್ಲ, ಸಾಕಾಗಿತ್ತು ಅಷ್ಟೆ. ನಾಳೆ ಬೆಳಿಗ್ಗೆ ಅದೇ ಬಸ್ಸು ಹತ್ತಬೇಕಲ್ಲ ಎಂಬುದೊಂದೇ ಯೋಚನೆ.

ಅವರು ನನ್ನ ಮುಖ ನೋಡಿದರು. ಚಹಾ ಅಲ್ಲೇ ಬಿಟ್ಟು ಕೊಳವೆಗಳನ್ನು ಮತ್ತೆ ಒಂದೊಂದಾಗಿ ಮೂಗಿಗೆ ಹಿಡಿದರು.

"ತಡಿ ತಡಿ, ಆಗ ಸರಿ ನೋಡಿದ್ದಿಲ್ಲ. ಇದ್ರಾಗ ಭಾಳ ಜಾಸ್ತಿ ಅದ. ಖರೇನ, ಕಸಂ!" ಎಂದು ಒಂದನ್ನು ಎತ್ತಿ ನನ್ನ ಕೈಗಿತ್ತರು. "ಆಗ್ಯದ ನೋಡು ನಿಂದು."

ತಿರುಗಿಸಿ ತಳ ನೋಡಿದೆ. ಉಗುರುಬಣ್ಣದ ಚುಕ್ಕೆ ಇತ್ತು.

"ಹೌದ್ರಿ," ಎಂದೆ, "ಇದೇ."