ಡಾರ್ಲೀನಳ ಹೆಸರಿನಲ್ಲಿ ಹದಿನಾಲ್ಕು ಸಾವಿರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಊರಿನವರು ಬದುಕಿದ್ದು ಹಿಮ ಬಾಚುವ ಯಂತ್ರಗಳ ಕಾರ್ಖಾನೆಯಿಂದ. ಮುಂದಿನ ಚಳಿಗಾಲಕ್ಕೆ ಎಷ್ಟು ಯಂತ್ರ ಮಾರಾಟವಾಗಬಹುದು ಎಂದು ಅಂದಾಜು ಮಾಡುವುದು ಡಾರ್ಲೀನ್ ಕೊವಾಲ್ಕೆಯ ಕೆಲಸ. ಹತ್ತೊಂಬತ್ತು ವರ್ಷ ಆಕೆ ಒಂದೊಂದು ಅಂಗಡಿಗೂ ಫೋನ್ ಮಾಡಿ, ಹೋದ ವರ್ಷದ ಮಾಲು ಎಷ್ಟು ಉಳಿದಿದೆ ಎಂದು ವಿಚಾರಿಸಿ, ಅಂಕಿಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಕ್ಯಾಂಟೀನ್ ಬಾಗಿಲ ಬಳಿಯ ಬೋರ್ಡಿಗೆ ಅಂಟಿಸುತ್ತಿದ್ದಳು. ಕೆಳಗೆ ಅವಳ ಹೆಸರು. ಆ ವರ್ಷ ಕೆಲಸ, ಸಂಬಳ ಎಷ್ಟಿರುತ್ತದೆ ಎಂದು ಜನ ಅದನ್ನು ನೋಡಿಕೊಂಡೇ ಅಳೆದು ಮದುವೆಯ ದಿನ ಗೊತ್ತುಮಾಡುತ್ತಿದ್ದರು.

ಇಪ್ಪತ್ತನೆಯ ವರ್ಷದ ಸೆಪ್ಟೆಂಬರಿನ ಒಂದು ಸೋಮವಾರ ಅವಳು ಬರುವ ಮೊದಲೇ ಹಾಳೆ ಬೋರ್ಡಿನಲ್ಲಿತ್ತು. ಅವಳು ಕೊಟ್ಟದ್ದು ಒಂಬತ್ತು ಸಾವಿರ. ಅಲ್ಲಿದ್ದದ್ದು ಹದಿನಾಲ್ಕು ಸಾವಿರ. ಕೆಳಗೆ ಅವಳದೇ ಹೆಸರು.

ಡಾರ್ಲೀನಳ ಮೈ ಉರಿದುಹೋಯಿತು. ಆರು ವರ್ಷದ ಹಿಂದೆ ಆಗಿನ ಮ್ಯಾನೇಜರ್ ಅವಳ ಮಾತು ಮೀರಿ ಹೀಗೇ ಅಂಕಿ ಉಬ್ಬಿಸಿ, ಮಾಲು ಗೋದಾಮಿನಲ್ಲಿ ಕೊಳೆತು, ಫೆಬ್ರವರಿಯಲ್ಲಿ ನಲವತ್ತು ಮಂದಿಯನ್ನು ಮನೆಗೆ ಕಳಿಸಿದ್ದರು. ಅವರಲ್ಲಿ ಅವಳ ತಮ್ಮನೂ ಇದ್ದ.

ನೇರ ಹೊಸ ಮ್ಯಾನೇಜರ್ ಹಾಲ್ವರ್ಸನ್‌ನ ಕೋಣೆಗೆ ನುಗ್ಗಿದಳು. ಮೇಲಿನವರಿಗೆ ಬೆಳವಣಿಗೆ ತೋರಿಸಬೇಕು, ಜನಕ್ಕೂ ಹುರುಪು ಬರಬೇಕು ಎಂದ ಆತ.

"ಹುರುಪು ಬೇಕಿದ್ರೆ ಬಲೂನ್ ಕಟ್ಟಿ. ನನ್ನ ಹೆಸರ್ಯಾಕೆ ಹಾಕಿದ್ರಿ?"

"ನಿಮ್ಮ ಹೆಸರಿದ್ರೆ ಅವ್ರು ನಂಬ್ತಾರೆ, ಡಾರ್ಲೀನ್."

ಅವಳು ತಿರುಗಿ ಹೊರನಡೆದಳು. ಮುದ್ರಣ ಯಂತ್ರದ ಮುಂದೆ ಕೂತು ಹೊಸ ಹಾಳೆ ತೆಗೆದಳು. 'ಡಾರ್ಲೀನ್ ಲೆಕ್ಕ: ಒಂಬತ್ತು ಸಾವಿರ. ಹಾಲ್ವರ್ಸನ್ ಆಸೆ: ಹದಿನಾಲ್ಕು ಸಾವಿರ.' ಕೆಳಗೆ ಯಾವ ಅಂಗಡಿಯಲ್ಲಿ ಎಷ್ಟು ಹಳೆ ಯಂತ್ರ ಬಿದ್ದಿದೆ ಎಂಬ ಪಟ್ಟಿ.

ಊಟದ ಹೊತ್ತಿಗೆ ಹಾಲ್ವರ್ಸನ್ ಎಲ್ಲರೆದುರೇ ಅದನ್ನು ಬೋರ್ಡಿನಿಂದ ಕಿತ್ತು ಹರಿದ. ಅವಳು ಮತ್ತೊಂದು ಅಂಟಿಸಿದಳು. ಮೂರು ದಿನ ಇದೇ ನಡೆಯಿತು. ವೆಲ್ಡಿಂಗಿನ ಡುವೇನ್ ಪ್ರಿಬಿಲ್ ಅವಳ ಮೇಲೇ ರೇಗಿದ.

"ಶನಿವಾರ ಹೆಚ್ಚಿನ ಕೂಲಿಯ ಕೆಲಸ ಸಿಕ್ತಿತ್ತು. ಅದಕ್ಕೂ ಕಲ್ಲು ಹಾಕ್ತೀಯಲ್ಲೇ?"

"ಕೆಳಗಿನ ಪಟ್ಟಿ ಓದಿದ್ಯಾ? ಓದಿ ಬಂದು ಬಯ್ಯಿ."

ಡುವೇನ್ ನಿಂತು ಪೂರ್ತಿ ಓದಿದ. ತನ್ನ ಭಾವಮೈದುನನ ಅಂಗಡಿಯಲ್ಲೇ ಎಪ್ಪತ್ತು ಯಂತ್ರ ಉಳಿದಿದ್ದವು. ನಾಲ್ಕನೆಯ ದಿನ ಹಾಲ್ವರ್ಸನ್ ಬಂದಾಗ ವೆಲ್ಡರುಗಳೆಲ್ಲ ಊಟದ ಡಬ್ಬಿ ಹಿಡಿದು ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದರು. ಯಾರೂ ಜಾಗ ಬಿಡಲಿಲ್ಲ.

ವಿಷಯ ಕೇಂದ್ರ ಕಚೇರಿಗೆ ಮುಟ್ಟಿ ಅಂಕಿ ಒಂಬತ್ತೂವರೆ ಸಾವಿರಕ್ಕಿಳಿಯಿತು. ಆ ಚಳಿಗಾಲ ಹಿಮ ಕಡಿಮೆ ಬಿತ್ತು. ಆದರೂ ಫೆಬ್ರವರಿಯಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ. ಕಂಪನಿಯ ಪತ್ರಿಕೆ ಹಾಲ್ವರ್ಸನ್‌ನ ದೂರದೃಷ್ಟಿಯನ್ನು ಹೊಗಳಿ ಅವನ ಫೋಟೋ ಹಾಕಿತು. ಡಾರ್ಲೀನಳನ್ನು ಬಿಡಿಭಾಗಗಳ ವಿಭಾಗಕ್ಕೆ ಎತ್ತಿಹಾಕಿದರು.

ಬಿಟ್ಟುಹಾಕು, ನಮಗೆಲ್ಲ ಗೊತ್ತಲ್ಲ ಎಂದು ಡುವೇನ್ ಎಷ್ಟೋ ಸಲ ಹೇಳಿದ್ದಾನೆ. ಅವಳು ಬಿಟ್ಟಿಲ್ಲ. ಈಗಲೂ ಹಾಲ್ವರ್ಸನ್ ಎದುರಾಗಿ ನಕ್ಕರೆ, ಅವನು ದಾಟುವ ತನಕ ಅವನ ಮುಖವನ್ನೇ ದುರುಗುಟ್ಟಿ ನೋಡುತ್ತಾಳೆ.