ಕಚ್ಚಾ ಹೊಲಿಗಿ

ನನ್ನ ಬಾಯಿ ಹರಕು ಅಂತ ಇಂಡಿ ಊರಾಗ ಎಲ್ಲಾರಿಗೂ ಗೊತ್ತೈತಿ. ಜಂಪರ್ ಬಿಗಿ ಆಗೈತಿ ಅಂತ ತಿರುಗಿ ತಂದವರಿಗೆ, ಜಂಪರ್ ಸಣ್ಣ ಆಗಿಲ್ಲವ್ವಾ, ನೀ ದಪ್ಪ ಆಗೀದಿ ಅಂತ ಮಾರಿಗೆ ಹೇಳಾಕಿ ನಾನು. ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ಕಸ್ತೂರೆವ್ವನ ಹೊಲಿಗಿ ಅಂಗಡಿ ಎಲ್ಲೈತಿ ಅಂದ್ರ ಯಾರರ ತೋರಸ್ತಾರ. ಆ ಅಂಗಡಿಯ ಹಿಂದಿನ ಅರ್ಧಾ ಪಾಲಿನ್ಯಾಗ ಈಗ ಭಾಗ್ಯಜ್ಯೋತಿ ಟ್ಯಾಟೂ ಹಾಕತಾಳ. ನಾ ಹೇಳಾಕತ್ತಿದ್ದು ಅಕಿ ಸುದ್ದಿ.

ಭಾಗ್ಯಾ ಮದಲ ಮೆಹಂದಿ ಹಾಕಾಕಿ. ಲಗ್ನದ ಹಂಗಾಮದಾಗ ಸಿಂದಗಿ, ಮುದ್ದೇಬಿಹಾಳದಿಂದೆಲ್ಲಾ ಕರೆ ಬರತಿದ್ವು. ಕೋನ್ ಹಿಡದ್ಲಂದ್ರ ಮದಲಗಿತ್ತಿ ಅಂಗೈಯಾಗ ಬಳ್ಳಿ ತಾನ ಹಬ್ಬಿಕೋತ ಹೋಗತಿತ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ಅಕಿಗೆ ಸಮಾಧಾನ ಇರಲಿಲ್ಲ. "ಏನ ಬರದ್ರೂ ಭಾಂಡಿ ತಿಕ್ಕೂ ನೀರಾಗ ಹೋಗಿಬಿಡತೈತಿ ಕಾಕು. ನಾ ಬರದದ್ದು ಉಳೀಬೇಕು" ಅಂತಿದ್ಲು. ಅದೊಂದ ಹುಚ್ಚು ಅಕಿಗೆ.

ಒಂದಿನ ಬಂದು ಟ್ಯಾಟೂ ಹಾಕಾಕ ಅಂಗಡಿಯ ಹಿಂದಿನ ಪಾಲು ಕೇಳಿದ್ಲು. ನಾ ನಕ್ಕೆ. "ಹಚ್ಚಿ ಹಾಕಾಕ ಅಂಗಡಿ ಯಾಕ ಬೇಕ? ನಮ್ಮವ್ವಗ ಸಂತ್ಯಾಗ ಗೋಣಿಚೀಲದ ಮ್ಯಾಲ ಕುಂತ ಮುದುಕಿ ಚುಚ್ಚಿದ್ಲು" ಅಂದೆ. "ಆ ಮುದುಕಿ ಎಲ್ಲಾರಿಗೂ ಒಂದ ಸೂಜಿ ಚುಚ್ಚತಿದ್ಲು ಕಾಕು, ಒಬ್ಬರ ರಗತ ಇನ್ನೊಬ್ಬರಿಗೆ. ನನ್ನ ಕಡೆ ಹಂಗ ಆಗೂದಿಲ್ಲ" ಅಂದ್ಲು. ಆ ಮಾತ ನನಗ ಸೇರಿತು. ನಡುವ ಹಳೇ ಸೀರಿ ಪಡದಿ ಕಟ್ಟಿ ಜಾಗಾ ಕೊಟ್ಟೆ.

ಮದಲ ಫೋನಿನ್ಯಾಗ ನೋಡಿ ಒಂದು ಡಬ್ಬಿ ತರಿಸಿದ್ಲು. ಮಷೀನು, ಸೂಜಿ, ಕರೆಂಟಿನ ವೈರು, ಕಾಲಿಲೆ ಒತ್ತೂ ಪೆಡಲು, ಹೋಳಿ ಬಣ್ಣದಂಗ ಸಾಲಾಗಿ ಮಸಿ ಬಾಟ್ಲಿ, ಎಲ್ಲಾ ಒಂದರಾಗ. ಅಗ್ಗ ಸಿಕ್ತು ಅಂತ ಹಿಗ್ಗಿದ್ದ ಹಿಗ್ಗಿದ್ದು. ಚಾಲೂ ಮಾಡಿದ್ರ ಗುಂಯ್ ಅಂತ ನನ್ನ ಹೊಲಿಗಿ ಮಷೀನಿನ ಸಪ್ಪಳ ಕೇಳದಂಗ ಆತು. ಕೈಯಾಗ ಹಿಡದು ನೋಡಿದೆ, ಅಡಕೊತ್ತಿಗಿಂತ ಭಾರ. ಸೂಜಿ ತುದಿ ಅಲ್ಲಾಡಾಕತ್ತಿತ್ತು. "ಏ ಹುಚ್ಚಿ, ಸೂಜಿ ಅಲ್ಲಾಡೂ ಮಷೀನಿನ್ಯಾಗ ನಾ ಲಂಗಾ ಸೈತ ಹೊಲಿಯಂಗಿಲ್ಲ, ನೀ ಮಂದಿ ಚರ್ಮ ಹೊಲಿತಿಯೇನ" ಅಂದೆ. ನನ್ನ ಮಾತ ಯಾರ ಕೇಳತಾರ. ಕುಂಬಳಕಾಯಿ ಮ್ಯಾಲ, ಬಾಳಿಹಣ್ಣಿನ ಸಿಪ್ಪಿ ಮ್ಯಾಲ ಕೈ ಕೂಡಿಸಿ, ಕಡೀಕ ತನ್ನ ಕಾಲ ಮ್ಯಾಲನ ಒಂದು ಹೂವು ಹಾಕ್ಕೊಂಡ್ಲು. ಅದು ಬಾತು, ಕೀವಾಗಿ, ಒಣಗಿದಮ್ಯಾಲ ಪಾಚಿಯಂಗ ಹಸರ ಆತು. ಬರಬರತ ಹೂವೋ ಗಾಯನೋ ಅಂತ ಗುರುತ ಸಿಗದಂಗಾತು. ಸದ್ಯ, ಮಂದಿ ಮೈಮ್ಯಾಲ ಹಾಕಿರಲಿಲ್ಲ.

ಆವಾಗ ಬುದ್ಧಿ ಬಂದು ಸೊಲ್ಲಾಪುರಕ್ಕ ಹೋದ್ಲು. ಅಲ್ಲಿ ಯಾಸೀನ ಅಂತ ಒಬ್ಬಾವ ಟ್ಯಾಟೂ ಹಾಕತಾನ, ಅವನ ಕಡೆ ಕುಂತು ಕಲತ್ಲು. ಅವ ಆ ಡಬ್ಬಿ ನೋಡಿ, "ತಂಗಿ, ಇದನ್ನ ಮದಲ ಗಟಾರಕ್ಕ ಒಗಿ" ಅಂದನಂತ. ಪೆನ್ನಿನಂಗ ಹಗೂರ, ಸಪ್ಪಳ ಇಲ್ಲದ ಮಷೀನ್ ಆರಿಸಿ ಕೊಡಿಸಿದ. ಸೂಜಿ ಒಂದೊಂದೂ ಬ್ಯಾರೆ ಪಾಕೀಟಿನ್ಯಾಗ ಮುಚ್ಚಿರಬೇಕು, ಗಿರಾಕಿ ಮುಂದನ ಒಡೀಬೇಕು, ಕೆಲಸ ಮುಗದ ಕೂಡ್ಲೆ ಒಗೀಬೇಕು. ಬಣ್ಣದ ಆಸೆ ಈಗ ಬ್ಯಾಡ, ಕರೀ ಮಸಿ ಸಾಕು, ಅದರ ಮ್ಯಾಲ ಮಾಡಿದವರ ಹೆಸರು, ತಾರೀಖು ಇರಬೇಕು. ಮಸಿ ಛಲೋ ಇದ್ರ ಮಣ್ಣಿಗೆ ಹೋಗೂತನಕ ಹೋಗೂದಿಲ್ಲ. ಇದಕ್ಕೆಲ್ಲಾ ಮೀರಿದ್ದು ಆಳ. ಸೂಜಿ ಭಾಳ ಆಳ ಹೋದ್ರ ಮಸಿ ಹರಡತೈತಿ, ಮ್ಯಾಲ ಮ್ಯಾಲ ಆಡಿದ್ರ ಗಾಯ ಒಣಗಿದ ಹಕ್ಕಳಿ ಜೋಡಿ ಅಕ್ಷರಾನೂ ಉದುರತಾವ.

ಆಳದ ಮಾತು ನನಗ ಲಗೂನ ತಿಳೀತು. ನಮ್ಮಲ್ಲೂ ಕಚ್ಚಾ ಹೊಲಿಗಿ, ಪಕ್ಕಾ ಹೊಲಿಗಿ ಅಂತ ಐತಿ. ಅಳತಿ ನೋಡಾಕ ಸಡ್ಲ ಹಾಕೂದು ಕಚ್ಚಾ, ಒಂದು ದಾರ ಜಗ್ಗಿದ್ರ ಪೂರಾ ಬಿಚ್ಚಿ ಬರತೈತಿ. ಪಕ್ಕಾ ಬಿಚ್ಚಾಕ ಹೋದ್ರ ಅರಬೀನ ಹರೀತೈತಿ. "ಅಷ್ಟ ನೋಡ್ರಿ ಕಾಕು, ಅಷ್ಟ" ಅಂದ್ಲು ಭಾಗ್ಯಾ.

ಬಂದವರೆಲ್ಲಾ ಹೆಸರು ಹಾಕಿಸವರ. ಅವ್ವನ ಹೆಸರು, ಕೂಸಿನ ಹೆಸರು, ಗಂಡನ ಹೆಸರು. ಹೆಸರನ್ನ ಮದಲ ಒಂದು ತೆಳ್ಳನ ಹಾಳ್ಯಾಗ ಬರದು, ಚರ್ಮಕ್ಕ ಹಚ್ಚಿ ತಗದ್ರ ನೇರಳೆ ಗೆರಿ ಮೂಡತೈತಿ, ಆ ಗೆರಿ ಮ್ಯಾಲ ಸೂಜಿ ಹೊಡಿಯೂದು. ಮತ್ತ ಮತ್ತ ಬರೂ ಹೆಸರಿನ ಹಾಳಿ ಭಾಗ್ಯಾ ತಯಾರ ಮಾಡಿ ಇಟ್ಟಿರತಿದ್ಲು. ನಮ್ಮ ಕಡೆ ಬಸವರಾಜ ಅನ್ನೂ ಹೆಸರಿಗೆ ಬರ ಐತೇನು? ಯಾವ ಓಣಿಗೆ ಹೋಗಿ ಒದರಿದ್ರೂ ಒಬ್ಬರಲ್ಲಾ ಒಬ್ಬರು ಓ ಅಂತಾರ. ಆ ಹಾಳಿ ಯಾವತ್ತೂ ಎಲ್ಲಾದಕ್ಕಿಂತ ಮ್ಯಾಲಿರತಿತ್ತು.

ಸಾತವ್ವ ಬಂದದ್ದು ಒಂದು ಸಂತಿ ದಿನ. ಸಣ್ಣ ವಯಸ್ಸಿನಾಕಿ, ಒಂದು ಹೆಣ್ಣ ಕೂಸಿನ ತಾಯಿ, ತವರು ಬಾಗೇವಾಡಿ ಕಡೆ ಹೂವಿನ ಹಿಪ್ಪರಗಿ, ಕೊಟ್ಟದ್ದು ಇಲ್ಲೇ ಸಾಲೋಟಗಿಗೆ. ಗಂಡ ಮೋಟರ್ ಸೈಕಲ್ ಮ್ಯಾಲ ತಂದು ಓಣಿ ತುದಿಗೆ ಬಿಟ್ಟು, ಹೆಂಗಸರ ಅಂಗಡಿ ಅಂತ ಒಳಗ ಬರದ ಸಂತಿಗೆ ಹೋಗಿದ್ದ. ಅವಗ ಇಕಿ ಮ್ಯಾಲ ಸಂಶೇ. ಫೋನ್ ಬಂದ್ರ ಯಾರದು, ನೀರಿಗೆ ಹೋದ್ರ ಯಾಕ ತಡಾ ಆತು. "ನನ್ನ ಹೆಸರು ಕೈಮ್ಯಾಲ ಬರಿಸಿಕೊಂಡ್ರ ನಂಬತೇನಿ ಅಂದಾರ್ರಿ. ಬರಿಸಿಕೊಂಡು ಒಂದ್ಸಲ ಮುಗಿಸಿಬಿಡತೇನ್ರಿ" ಅಂದ್ಲು ಸಾತವ್ವ. ನಾ ಅವಗ ನಾಕ ಬೈಗಳ ಕೊಟ್ಟೆ, ಸಂತ್ಯಾಗಿದ್ದವಗ ಎಲ್ಲಿ ಕೇಳಿಸಬೇಕು.

"ಹೆಸರೇನ್ರಿ?" ಅಂತ ಭಾಗ್ಯಾ ಕೇಳಿದ್ಲು.

ಸಾತವ್ವ ನೆಲಾ ನೋಡಿದ್ಲು. ಗಂಡನ ಹೆಸರು ಬಾಯಿಲೆ ತಗದ್ರ ಅವನ ಆಯುಷ್ಯ ಕಮ್ಮಿ ಆಗತೈತಿ ಅಂತ ನಮ್ಮ ಹೆಣಮಕ್ಕಳಿಗೆ ಸಣ್ಣಾಗಿಂದ ಹೇಳಿರತಾರ. ಲಗ್ನದಾಗ ಒಡಪು ಹಾಕಿ ಒಮ್ಮೆ ಹೇಳಿದ್ದ ಹೇಳಿದ್ದು. ಇಕಿ ಸೆರಗ ತುದಿ ತಿರುವಿಕೋತ, "ನಮ್ಮ ಬಾಗೇವಾಡಿ ದೇವರ ಹೆಸರ ಅವರದ್ರಿ" ಅಂದ್ಲು.

ಬಾಗೇವಾಡಿ ಅಂದ್ರ ಇಂಡಿ ಮಂದಿಗೆ ಬಸವಣ್ಣ. ಬಸವನ ಬಾಗೇವಾಡಿ ಅಂತನ ಊರಿಗೆ ಹೆಸರು, ಮತ್ತೇನ ತಿಳೀಬೇಕು? ಭಾಗ್ಯಾ ಮ್ಯಾಲಿನ ಹಾಳಿ ತಗದು ಅಕಿ ಮುಂದ ಹಿಡದ್ಲು. ಮರ್ಯಾದಿ ಹುಡುಗಿ, ಹೆಂಡತಿ ಮುಂದ ಗಂಡನ ಹೆಸರು ಒದರಬಾರದು ಅಂತ ಓದಲಿಲ್ಲ. "ಇದ ಹೌದಲ್ರಿ, ನೋಡ್ರಿ" ಅಂದ್ಲು. ಸಾತವ್ವ ಹಾಳಿ ನೋಡಿ, "ಹೂಂನ್ರಿ" ಅಂದ್ಲು. ಅಕಿ ಸಾಲಿ ಮಾರಿ ನೋಡಿರಲಿಲ್ಲ, ಓದಾಕ ಬರೂದಿಲ್ಲ ಅನ್ನಾಕ ನಾಚಿಕಿ. ಒಬ್ಬಕಿ ಬಾಯಿ ಬಿಡಲಿಲ್ಲ, ಇನ್ನೊಬ್ಬಕಿನೂ ಬಿಡಲಿಲ್ಲ. ಪಡದಿ ಈಚಿ ಕಡೆ ಗುಂಡಿಗೆ ಕಾಜಾ ಮಾಡಕೋತ ಕುಂತ ನನಗೂ ಬಸವರಾಜನ ಇದ್ದೀತು ಅನಿಸಿತ್ತು.

ಭಾಗ್ಯಾ ಹೊಸಾ ಸೂಜಿ ಒಡದ್ಲು, ಕೈಗವಸ ಹಾಕಿದ್ಲು. ಸಾತವ್ವ ಹಲ್ಲ ಕಚ್ಚಿ ಕುಂತ್ಲು, ಕಣ್ಣಾಗ ನೀರು ಬಂದ್ವು. ಅಕ್ಷರ ಹೆಂಗ ಬಂದ್ವು ಅಂತೀರಿ, ಮುತ್ತ ಪೋಣಿಸಿದಂಗ. "ಮಣ್ಣಿಗೆ ಹೋಗೂತನಕ ಹೋಗೂದಿಲ್ಲ ನೋಡ್ರಿ" ಅಂತ ಭಾಗ್ಯಾ ಹೆಮ್ಮಿಲೆ ಅಂದು, ಮ್ಯಾಲ ಪಟ್ಟಿ ಸುತ್ತಿ ನಾಳೆ ಬಿಚ್ಚರಿ ಅಂತ ಕಳಿಸಿದ್ಲು.

ಸುದ್ದಿ ತಂದಾಕಿ ಅಬಿದಾ, ಸಾಲೋಟಗಿಯಿಂದ ಬಳಿ ಮಾರಾಕ ಬರಾಕಿ. ಸಾತವ್ವ ದವಾಖಾನ್ಯಾಗ ಅದಾಳ ಅಂದ್ಲು. ಅಕಿ ಗಂಡನ ಹೆಸರು ನಂದೀಶ. ಬಾಗೇವಾಡಿ ಗುಡಿಯೊಳಗಿನ ದೇವರು ನಂದೀಶ್ವರ, ಆ ಕಡೆ ಹುಟ್ಟಿದವರಿಗೆ ಬಾಗೇವಾಡಿ ದೇವರು ಅಂದ್ರ ಅದ. ನಮಗ ತಿಳೀಲಿಲ್ಲ. ಪಟ್ಟಿ ಬಿಚ್ಚಿ ಓದಿದ ಗಂಡಗ ಬಸವರಾಜ ಅಂದ ಕೂಡ್ಲೆ ಬಾಜೂ ಹೊಲದ ಬಸವರಾಜ ನೆನಪಾದ. ಅಕಿ ಎಷ್ಟ ಹೇಳಿದ್ರೂ ಕೇಳದ, ರೊಟ್ಟಿ ಬೇಯಿಸೂ ಕಾದ ಹಂಚಿನ ಮ್ಯಾಲ ಆ ಕೈ ಒತ್ತಿ ಹಿಡದಾನ.

ನಾನೂ ಭಾಗ್ಯಾನೂ ಇಬ್ಬರೂ ದವಾಖಾನಿಗೆ ಓಡಿದ್ವಿ. ಡಾಕ್ಟರ್ ಮುಂದ ಸಾತವ್ವ, ರೊಟ್ಟಿ ಮಾಡುವಾಗ ಆಯ ತಪ್ಪಿ ಬಿದ್ದೆ ಅಂದಿದ್ಲು. ಬಾಗಲದಾಗ ನಿಂತಿದ್ದ ಗಂಡನ ಮುಂದ ಭಾಗ್ಯಾ ಕೈ ಮುಗದು, "ತಪ್ಪ ನಂದ್ರಿ, ನಾನ ಬ್ಯಾರೆ ಹಾಳಿ ಹಚ್ಚೇನಿ, ಅಕಿದೇನೂ ಇಲ್ಲ" ಅಂದ್ಲು. ಅವ ಅರಾಮಾಗಿ, "ಇರಲಿ ಬಿಡು. ಇನ್ನೊಂದ ಕೈ ಐತಲ್ಲ" ಅಂದ.

ಗಾಯ ಒಣಗಿದಮ್ಯಾಲ ಗಂಡ ಸಾತವ್ವನ್ನ ಕರಕೊಂಡ ಬಂದ. ಈ ಸಲ ತಾನೂ ಒಳಗ ಬಂದು ಸ್ಟೂಲ್ ಮ್ಯಾಲ ಕುಂತ. "ಬರೋಬ್ಬರಿ ಹಾಕು" ಅಂದ. ನಾ ಕತ್ರಿ ಹಿಡಕೊಂಡ ಎದ್ದು, "ನಾಚಿಕಿ ಬರೂದಿಲ್ಲೇನೋ ನಿನಗ" ಅಂದೆ. ಭಾಗ್ಯಾ ಹಾಕಂಗಿಲ್ಲ ಅಂದ್ಲು. ಸಾತವ್ವ ತಾನ ಭಾಗ್ಯಾನ ರಟ್ಟಿ ಹಿಡದು, "ಹಾಕವ್ವಾ. ಹಾಕದಿದ್ರ ಮನ್ಯಾಗ ನನಗ ಐತಿ" ಅಂದ್ಲು.

ಭಾಗ್ಯಾ ಒಂದು ಖಾಲಿ ಹಾಳಿ ತಗದು ಮುಂದಿಟ್ಟುಕೊಂಡ್ಲು. ಆಮ್ಯಾಲ, "ಹಂಗಾರ ಹೆಸರು ಹೇಳ್ರಿ" ಅಂದ್ಲು.

"ನಾ ಹೇಳತೇನಲ್ಲ" ಅಂದ ಅವ.

"ನೀವಲ್ರಿ. ಯಾರ ಕೈಯೋ ಅವರ ಹೇಳಬೇಕು. ಹೇಳದ ನಾ ಇನ್ನ ಯಾರಿಗೂ ಹಾಕೂದಿಲ್ಲ."

ಸಾತವ್ವ ತಲಿ ಎತ್ತಿ ಗಂಡನ ಮಾರಿ ನೋಡಿದ್ಲು. "ನಂದೀಶ" ಅಂದ್ಲು. "ಇನ್ನೊಮ್ಮೆ ಹೇಳ್ರಿ" ಅಂದ್ಲು ಭಾಗ್ಯಾ. "ನಂದೀಶ." ಹೆಂಡತಿ ಬಾಯಾಗ ತನ್ನ ಹೆಸರು ಕೇಳಿ ಅವ ಕಪಾಳಕ್ಕ ಬಿದ್ದವರಂಗ ಮಾರಿ ಸಣ್ಣ ಮಾಡಿದ. ಎದ್ದು ಹೊರಗ ಹೋಗಿ ಬೀಡಿ ಹಚ್ಚಿದ. ನನಗ ಸುಖಾ ಆತು, ಯಾಕ ಮುಚ್ಚಿಡ್ಲಿ.

ಕೆಲಸ ಲಗೂನ ಮುಗೀತು. "ಮದಲಿನದು ಭಾಳ ನೋಯ್ತಿತ್ತವ್ವಾ, ಇದು ನೋಯಲೇ ಇಲ್ಲ" ಅಂತ ಸಾತವ್ವ ಸಣ್ಣ ದನಿಲೆ ಅಂದ್ಲು. ಭಾಗ್ಯಾ ಹೂಂ ಅಂದ್ಲಷ್ಟ. ಅವರು ಹೋದಮ್ಯಾಲ ನನ್ನ ಕಡೆ ಬಂದು, "ಕಚ್ಚಾ ಹಾಕೇನಿ ಕಾಕು. ಸೂಜಿ ಮ್ಯಾಲ ಮ್ಯಾಲ ಆಡಿಸೇನಿ. ಅವನ ಹೆಸರು ಅಕಿ ಮೈಮ್ಯಾಲ ಉಳ್ಯಾಂಗಿಲ್ಲ" ಅಂದ್ಲು. ಬರದದ್ದು ಉಳೀಬೇಕು ಅಂತಿದ್ದ ಹುಡುಗಿ. ನಾ ಅಕಿ ಗದ್ದ ಹಿಡದು ಮುದ್ದ ಮಾಡಿದೆ. ಇಬ್ಬರೂ ಭಾರಿ ಶಾಣ್ಯಾರು ಅನಕೊಂಡು ಚಹಾ ತರಿಸಿ ಕುಡದ್ವಿ.

ಶ್ರಾವಣದಾಗ ಸಾತವ್ವ ಒಬ್ಬಕೀನ ಬಂದ್ಲು. ಬಸ್ ಇಳದಾಕಿ ಓಡಿಕೋತ ಬಂದಿದ್ಲು, ದಮ್ಮ ಹತ್ತಿತ್ತು. ಸೆರಗ ಸರಿಸಿ ಎರಡೂ ಕೈ ಮುಂದ ಚಾಚಿದ್ಲು. ಒಂದರ ಮ್ಯಾಲ ಸುಟ್ಟು ಮುದುಡಿದ ಚರ್ಮ, ಅದರ ನಡುವ ಬಸವರಾಜನ ಬ ಮತ್ತ ಜ ಇನ್ನೂ ಕರ್ರಗ ಹಂಗ ಅದಾವ. ಛಲೋ ಮಸಿ ಅದು. ಇನ್ನೊಂದರ ಮ್ಯಾಲ ನಂದೀಶ ಅರ್ಧಾ ಉದುರಿ, ಧೂಳ ಒರಸಿದಂಗ ಆಗಿತ್ತು.

"ಅವರು ಚಡಚಣಕ್ಕ ದ್ರಾಕ್ಷಿ ಬಳ್ಳಿಗೆ ಹೊಡಿಯೂ ಔಷಧ ತರಾಕ ಹೋಗ್ಯಾರ. ನಿನ್ನೆ ಕೈ ಹಿಡದು ನೋಡಾಕತ್ತಿದ್ರು, ಮಬ್ಬಾಗೈತಲ್ಲ ಅಂದ್ರು. ಅವರು ಬರೂದರಾಗ ಗಟ್ಟಿ ಮಾಡಿ ಕೊಡವ್ವಾ."

"ತಿರುಗಿ ಹೋಗಬ್ಯಾಡ್ರಿ" ಅಂದ್ಲು ಭಾಗ್ಯಾ. ನಾನೂ ಅಂದೆ, "ಇಲ್ಲೇ ಇರು. ಕಾಜಾ ಮಾಡು, ಗುಂಡಿ ಹಚ್ಚು. ನನ್ನ ಮನ್ಯಾಗ ಉಣ್ಣು. ಅವ ಬರಲಿ, ನಾ ನೋಡಕೋತೇನಿ."

ಸಾತವ್ವ ನಾ ಹೇಳಿದ್ದನ್ನ ಪೂರಾ ಕೇಳಿದ್ಲು. "ಮಗಳು ಅವರ ಮನ್ಯಾಗ ಅದಾಳ್ರಿ" ಅಂದ್ಲು. "ನಾ ಬಿಟ್ಟ ಬಂದ್ರ ಆ ಹಂಚು ಅಕಿ ಕೈಗೆ ಬರತೈತಿ. ಹಂಗ ಅಂತ ಹೇಳೇ ಹೋಗ್ಯಾರ."

ಭಾಗ್ಯಾ ನನ್ನ ಕಡೆ ನೋಡಿದ್ಲು. ಎರಡ ದಿನ ಇರೂ ಕಚ್ಚಾ ಹೊಲಿಗಿ ಹಾಕಿ ಶಾಣ್ಯಾರಾಗಿದ್ವಿ, ಅದರ ಲೆಕ್ಕ ಅಕಿ ಮೈ ಕೊಡಬೇಕು ಅನ್ನೂದು ನಮಗ ಹೊಳೀಲಿಲ್ಲ.

ಭಾಗ್ಯಾ ಹೊಸಾ ಪಾಕೀಟ ಒಡದು ಸೂಜಿ ತಗದ್ಲು. ಕರೀ ಮಸಿ ಸುರುವಿದ್ಲು. ಹೆಸರು ಅಕಿ ಕೇಳಲಿಲ್ಲ, ಸಾತವ್ವ ತಾನ ಹೇಳಿದ್ಲು, ರೇಶನ್ ಅಂಗಡ್ಯಾಗ ಹೇಳಿದಂಗ, "ನಂದೀಶ." ಮಷೀನಿಗೆ ಸಪ್ಪಳ ಇಲ್ಲ. ನಾ ಪಡದಿ ಈಚಿ ಕಡೆ ಬಂದು ನನ್ನ ಮಷೀನಿನ ಮುಂದ ಕುಂತೆ, ಪೆಡಲ್ ತುಳೀಲಿಲ್ಲ.

ಒಳಗಿಂದ ಸಾತವ್ವ ಉಸರ ಎಳಕೊಂಡದ್ದು ಕೇಳಿಸಿತು.

"ಈಗ ನೋಯಾಕತ್ತೈತಿ ನೋಡವ್ವಾ" ಅಂದ್ಲು. "ಈಗ ಬರೋಬ್ಬರಿ ಹತ್ತೈತಿ."