ಉದ್ಗೀರದವಳು ಮಾಡಿದ ಗಿಳಿ

ಅದು ನನ್ನ ತಮ್ಮನ ಮೊದಲ ಸಂಕ್ರಾಂತಿ. ಉಮರ್ಗಾದ ನಮ್ಮ ಮನೆಯಲ್ಲಿ ಅವನಿಗೆ ಬಾರಿಹಣ್ಣು ಎರೆಯುವುದಿತ್ತು. ಕೂಸಿನ ತಲೆಯ ಮೇಲೆ ಬಾರಿಹಣ್ಣು, ಚುರುಮುರಿ, ಬತ್ತಾಸು ಸುರಿದರೆ ಓಣಿಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಿದ್ದರು. ಆಮೇಲೆ ತಿನಿಸು ತುಂಬಿದ ಮಣ್ಣಿನ ಗಡಿಗೆಯನ್ನು ಬೇವಿನ ಕೊಂಬೆಗೆ ತೂಗುಬಿಡುತ್ತಿದ್ದೆವು. ಕಣ್ಣು ಕಟ್ಟಿಕೊಂಡು ಕೋಲಿನಿಂದ ಅದನ್ನು ಒಡೆಯುವ ಆಟ. ಹಿಂದೆ ಕಾಕಾನ ಮಕ್ಕಳಿಗೆ ಎರೆದಾಗಲೂ ಆ ಗಡಿಗೆಗೆ ಬಣ್ಣದ ಕಾಗದ ಅಂಟಿಸಿದವಳು ನಾನೇ. ಹತ್ತು ವರ್ಷದ ನನಗೆ ಅದು ದೊಡ್ಡ ಅಧಿಕಾರ.

ಆ ಸಲ ಉದ್ಗೀರದಿಂದ ಸೋದರತ್ತೆ ಬಂದಳು. ಜೊತೆಗೆ ನನಗಿಂತ ಒಂದು ವರ್ಷ ಚಿಕ್ಕವಳಾದ ಅವಳ ಮಗಳು. ಆ ಹುಡುಗಿ ಬಂದವಳೇ ನನ್ನ ಗಡಿಗೆ ನೋಡಿ, "ಬರೇ ಗಡಿಗಿ ಯಾಕ? ಇದನ್ನ ಗಿಣಿ ಮಾಡೂಣು," ಅಂದಳು.

"ಮಾಡವ್ವಾ, ಮಾಡು," ಅಂದಳು ಅವ್ವ. ನನ್ನನ್ನು ಒಂದು ಮಾತು ಕೇಳಲಿಲ್ಲ.

ನಿಜಾಮನ ಆಳ್ವಿಕೆ ಹೋಗಿ ಶಾಲೆಯಲ್ಲಿ ಉರ್ದುವಿನ ಜಾಗಕ್ಕೆ ಮರಾಠಿ ಬಂದಿತ್ತು. ಯಾರಿಗೂ ಬೇಡವಾದ ಅಪ್ಪನ ಉರ್ದು ಪುಸ್ತಕಗಳನ್ನು ಅವಳು ಹರಿದು, ಪದರ ಪದರವಾಗಿ ಗಡಿಗೆಗೆ ಮೆತ್ತಿದಳು. ತೊಗರಿ ಕಡ್ಡಿ ಕಟ್ಟಿ ಕತ್ತು, ರೆಕ್ಕೆ ಎಬ್ಬಿಸಿದಳು. ಮೇಲೆ ಗಾಳಿಪಟದ ಹಸಿರು ಕಾಗದ, ಕೆಂಪು ಕೊಕ್ಕು. ನನಗೆ ಉಳಿದದ್ದು ಒಲೆಯ ಮುಂದೆ ಕೂತು ಹಿಟ್ಟಿನ ಅಂಟು ಕುದಿಸುವ ಕೆಲಸ.

"ಕೈ ಅಂದ್ರ ಹಿಂಗಿರಬೇಕು. ನಮ್ಮಾಕಿ ಮಾಡಿದ್ದು ಬೋಳು ಗಡಿಗಿ," ಎಂದು ಅಜ್ಜಿ ನಕ್ಕಳು. ಆ ನಗು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂದಿನಿಂದ ಆ ಹುಡುಗಿಯ ಉದ್ದ ಜಡೆ, ಅವಳು ಪಟಪಟನೆ ಆಡುವ ಮರಾಠಿ, ಎಲ್ಲವೂ ನನಗೆ ಉರಿ. ತಮ್ಮ ಕೂಡ ನನ್ನನ್ನು ಬಿಟ್ಟು ಅವಳ ಕಡೆಗೇ ಕೈ ಚಾಚುತ್ತಿದ್ದ.

ಹಬ್ಬದ ಸಂಜೆ ಚಿಕ್ಕವರು ಮೊದಲು ಹೊಡೆಯಬೇಕೆಂದು ಹೇಳಿದ್ದರೂ ನಾನು ಕೋಲು ಕಸಿದುಕೊಂಡೆ. ಕಣ್ಣಿಗೆ ಕಟ್ಟಿದ ಬಟ್ಟೆಯ ಸಂದಿನಿಂದ ಗಿಳಿ ಕಾಣುತ್ತಿತ್ತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ಕತ್ತು ಮುರಿದು, ಗಡಿಗೆ ಚೂರಾಗಿ, ಬತ್ತಾಸು ಅಂಗಳದ ತುಂಬ ಚೆಲ್ಲಿತು. ಅವಳು ಅಳುತ್ತಾಳೆಂದು ಬಟ್ಟೆ ಕಿತ್ತು ನೋಡಿದೆ.

ಅವಳು ಕುಣಿಯುತ್ತಿದ್ದಳು. "ಒಂದ ಏಟಿಗೆ ಒಡದಿ ನೋಡಕ್ಕಾ!"

"ನಿನ್ನ ಗಿಣಿ ಹೋತಲ್ಲ?"

"ಹೋಗ್ಲಿ ಬಿಡು. ಒಡೀಲಾಕ ಮಾಡಿದ್ದಲ್ಲೇನು? ನಾಳಿ ನಿಂಗೂ ಕಲಸ್ತೀನಿ."

"ನಂಗ ಬ್ಯಾಡ," ಅಂದೆ.

ಮರುದಿನ ಅವಳು ತಮ್ಮನ ತೊಟ್ಟಿಲಿಗೆ ಒಂದು ಪುಟ್ಟ ಗಿಳಿ ಮಾಡಿ ಕಟ್ಟಿ ಊರಿಗೆ ಹೋದಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾನು ಅದನ್ನು ಬಿಚ್ಚಿದೆ. ಕತ್ತಿನ ಕಡ್ಡಿ ಹೇಗೆ ಕಟ್ಟಿದ್ದಾಳೆಂದು ತಿಳಿಯಿತು. ಮತ್ತೆ ಜೋಡಿಸಲು ಮಾತ್ರ ಬರಲಿಲ್ಲ. ಇಲಿ ಕಡಿಯಿತು ಅಂದುಬಿಟ್ಟೆ.

ಮುಂದಿನ ಸಂಕ್ರಾಂತಿಯ ಗಡಿಗೆಯನ್ನು ನಾನು ನವಿಲು ಮಾಡಿದೆ. ಓಣಿಯೆಲ್ಲ ಹೊಗಳಿತು, ಅಜ್ಜಿಯೂ ಹೊಗಳಿದಳು. ಆದರೆ ಆ ವರ್ಷ ಉದ್ಗೀರದಿಂದ ಯಾರೂ ಬರಲಿಲ್ಲ. ಅವಳ ಕಿವಿಗೆ ಬೀಳದ ಆ ಹೊಗಳಿಕೆ ನನಗೆ ಸಪ್ಪಗೆನಿಸಿತು.